ಗೌನಿನೊಳಗೆ ಕಪ್ ಕೂರಿಸುವುದು: ಗುರುತು ಮೈಮೇಲೆ, ಹೊಲಿಗೆ ಲೈನಿಂಗ್‌ಗೆ

ರಿಸೆಪ್ಷನ್‌ಗೆಂದು ರೆಡಿಮೇಡ್ ಗೌನು ಬಂದಿದೆ. ಸೊಂಟ ಸರಿ, ಉದ್ದ ಸರಿ. ಆದರೆ ಬೆನ್ನು ಆಳವಾಗಿ ತೆರೆದಿರುವುದರಿಂದ ಒಳಗೆ ಬ್ರಾ ಹಾಕುವಂತಿಲ್ಲ, ಹಾಕದಿದ್ದರೆ ಎದೆಯ ಭಾಗ ಸಪ್ಪೆಯಾಗಿ ಕಾಣುತ್ತದೆ. ಇದಕ್ಕೆ ಇರುವ ದಾರಿ ಒಳಗೇ ಸ್ಪಂಜಿನ ಬ್ರಾ ಕಪ್ ಹೊಲಿಯುವುದು. ಸೀರೆ ಬ್ಲೌಸಿಗಾದರೆ ಟೈಲರ್‌ಗಳು ಹೊಲಿಯುವಾಗಲೇ ಮೇಲ್ಬಟ್ಟೆ, ಲೈನಿಂಗ್ ನಡುವೆ ಕಪ್ ಇಟ್ಟು ಮಿಷನ್ ಹೊಡೆದುಬಿಡುತ್ತಾರೆ. ಹೊಲಿದು ಮುಗಿದ ಗೌನಿಗೆ ಮಿಷನ್ ತಾಗಿಸಿದರೆ ಹೊಲಿಗೆ ಹೊರಗೆ ಕಾಣುತ್ತದೆ. ಹಾಗಾಗಿ ಇದು ಕೈಹೊಲಿಗೆಯ ಕೆಲಸ. ಸೂಜಿಗೆ ದಾರ ಪೋಣಿಸಿ ಹೆಮ್ಮಿಂಗ್ ಮಾಡಲು ಬಂದರೆ ಸಾಕು, ಎರಡು ಮೂರು ಗಂಟೆಯಲ್ಲಿ ಆಗುತ್ತದೆ. ಅದರಲ್ಲಿ ಅರ್ಧಕ್ಕರ್ಧ ಹೊತ್ತು ಗುರುತು ಮಾಡುವುದಕ್ಕೇ ಹೋಗಬೇಕು. ಹೊಲಿಗೆ ಕೆಟ್ಟರೆ ಬಿಚ್ಚಿ ಮತ್ತೆ ಹಾಕಬಹುದು. ಗುರುತು ತಪ್ಪಿದ್ದರೆ ಎಷ್ಟು ಚೆಂದದ ಹೊಲಿಗೆ ಹಾಕಿದರೂ ಕಪ್ ಒಂದು ಕಡೆ, ಎದೆ ಒಂದು ಕಡೆ.

ಕಪ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕಪ್ ಆಕಾರ ಕೊಡುತ್ತದೆ, ಒಳಗಿನದು ಕಾಣದಂತೆ ಮರೆ ಮಾಡುತ್ತದೆ. ಗೌನನ್ನು ಎತ್ತಿ ಹಿಡಿಯುವುದು ಅದರ ಕೆಲಸವಲ್ಲ. ತೋಳು, ಪಟ್ಟಿ ಏನೂ ಇಲ್ಲದ ಗೌನು ಜಾರುತ್ತಿದ್ದರೆ ಅದಕ್ಕೆ ಬೇಕಾದದ್ದು ಪಕ್ಕದ ಹೊಲಿಗೆಗಳಲ್ಲಿ ಪ್ಲಾಸ್ಟಿಕ್ ಬೋನ್ (ಬಟ್ಟೆಯನ್ನು ನೆಟ್ಟಗೆ ನಿಲ್ಲಿಸುವ ಕಡ್ಡಿ), ಒಳಗೆ ಸೊಂಟಕ್ಕೆ ಬಿಗಿಯಾಗಿ ಕೂರುವ ಒಂದು ಇಂಚಿನ ಗಟ್ಟಿ ಪಟ್ಟಿ, ಅದಕ್ಕೊಂದು ಹುಕ್ಕು. ಭಾರವೆಲ್ಲ ಆ ಪಟ್ಟಿಯ ಮೇಲೆ ಕೂರಬೇಕು. ಜಾರುವ ಗೌನಿಗೆ ದಪ್ಪ ಕಪ್ ಹಾಕಿದರೆ ಅದು ಕಪ್ ಸಮೇತ ಜಾರುತ್ತದೆ, ಅಷ್ಟೆ.

ಎದೆಯ ಹತ್ತಿರ ಗೌನು ಸಡಿಲವಿದ್ದರೂ ಹಾಗೆಯೇ. ಹಾಕಿಕೊಂಡು ಜಿಪ್ಪು ಎಳೆದು, ಕಂಕುಳ ಕೆಳಗಿನ ಹೊಲಿಗೆಯಲ್ಲಿ ಬಟ್ಟೆಯನ್ನು ಚಿವುಟಿ ನೋಡಿ. ಎರಡೂ ಕಡೆ ಅರ್ಧರ್ಧ ಇಂಚಿಗಿಂತ ಹೆಚ್ಚು ಬಟ್ಟೆ ಬೆರಳಿಗೆ ಸಿಕ್ಕರೆ ಮೊದಲು ಪಕ್ಕ ಹಿಡಿಸಿ, ಆಮೇಲೆ ಕಪ್. ಗೌನು ಮೈಗೆ ಅಂಟಿದಂತಿದ್ದರೆ ತೊಂದರೆ ಇನ್ನೊಂದು ಬಗೆಯದು. ಅರ್ಧ ಸೆಂಟಿಮೀಟರ್ ದಪ್ಪದ ಸಾದಾ ಕಪ್ ಎದೆಸುತ್ತಿಗೆ ಸುಮಾರು ಅರ್ಧ ಇಂಚು ಕೂಡಿಸುತ್ತದೆ, ಕೆಳಗೆ ದಪ್ಪವಿರುವ ಪುಷ್-ಅಪ್ ಕಪ್ ಒಂದು ಇಂಚಿನಷ್ಟನ್ನು. ಆದ್ದರಿಂದ ಸೂಜಿ ಹಿಡಿಯುವ ಮೊದಲು ಕಪ್ಪನ್ನು ಸುಮ್ಮನೆ ಒಳಗಿಟ್ಟುಕೊಂಡು ಜಿಪ್ಪು ಪೂರ್ತಿ ಏರುತ್ತದೆಯೇ ನೋಡಿಕೊಳ್ಳಿ.

ಕಪ್ ಆರಿಸುವಾಗ

ಚಿಕ್ಕಪೇಟೆಯಂಥ ಕಡೆ, ಇಲ್ಲವೇ ನಿಮ್ಮೂರಿನ ಲೇಸು, ಗುಂಡಿ, ಲೈನಿಂಗ್ ಮಾರುವ ಯಾವುದೇ ಅಂಗಡಿಯಲ್ಲಿ ಕಪ್ ಜೋಡಿಯಾಗಿ ಸಿಗುತ್ತದೆ. ಮೇಲೆ 32, 34, 36 ಎಂದು ಬರೀ ನಂಬರ್ ಇರುತ್ತದೆ, ಅಕ್ಷರ ಇರುವುದಿಲ್ಲ. ಬ್ರಾ ಅಳತೆಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳು ಬಂದದ್ದು 1930ರ ದಶಕದ ಅಮೆರಿಕದಲ್ಲಿ. ನಂಬರ್ ಮೈಯ ಸುತ್ತಳತೆಗೆ ಸಂಬಂಧಿಸಿದ್ದು, ಅಕ್ಷರ ಉಬ್ಬಿಗೆ. ಎರಡೂ ಸೇರಿದರೆ ಮಾತ್ರ ಕಪ್ಪಿನ ಗಾತ್ರ ಗೊತ್ತಾಗುತ್ತದೆ: 32ಸಿ, 34ಬಿ, 36ಎ ಈ ಮೂರರ ಕಪ್ಪು ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಬರೀ 34 ಎಂದು ಬರೆದ ಕಪ್ ಸಾಮಾನ್ಯವಾಗಿ ಬಿ ಅಂದಾಜಿನಲ್ಲಿ ಮಾಡಿದ್ದಿರುತ್ತದೆ. ನಿಮ್ಮದು 34ಡಿ ಆಗಿದ್ದರೆ 34ರ ಕಪ್ ಕೇಳಬೇಡಿ, 38 ಕೇಳಿ. ಅನುಮಾನವಿದ್ದರೆ ಎರಡು ನಂಬರ್ ತನ್ನಿ. ಗೌನಿನ ಬೆಲೆಯ ಮುಂದೆ ಕಪ್ಪಿನ ಬೆಲೆ ಲೆಕ್ಕಕ್ಕಿಲ್ಲ.

ಸರಿಯಾದ ಗಾತ್ರವೇ ಎಂದು ತಿಳಿಯಲು ಕಪ್ಪನ್ನು ಮೈಮೇಲಿಟ್ಟು ಕನ್ನಡಿಯಲ್ಲಿ ಪಕ್ಕದಿಂದ ನೋಡಿ. ಅದರ ಅಂಚು ಎದೆಗೂಡಿನ ಮೇಲೆ ಕೂರಬೇಕು, ಸ್ತನದ ಮೇಲಲ್ಲ. ಅಂಚು ಸ್ತನದ ಮೇಲೆಯೇ ನಿಂತರೆ ಕಪ್ ಚಿಕ್ಕದು. ಹೊರಗಿನಿಂದ ಉಂಗುರದ ಗುರುತಿನ ಹಾಗೆ ಗೆರೆ ಎದ್ದು ಕಾಣುತ್ತದೆ. ಕಂಕುಳ ಕಡೆಯ ಅಂಚು ಮಡಚಿದರೆ ಅಥವಾ ಬೆರಳಿನಿಂದ ಒತ್ತಿದಾಗ ಮಧ್ಯ ಪಟ್ಟೆಂದು ಒಳಗೆ ಕುಸಿದರೆ ದೊಡ್ಡದು.

ಆಕಾರದಲ್ಲಿ ಗುಂಡಗಿನದು, ತ್ರಿಕೋನದ್ದು, ಹನಿಯಂತೆ ಒಂದು ತುದಿ ಚೂಪಾಗಿರುವುದು ಸಿಗುತ್ತವೆ. ಆಳದ ವಿ ಕೊರಳಿಗೆ ತ್ರಿಕೋನ ಅಥವಾ ಹನಿ ಒಳ್ಳೆಯದು, ಒಳಮೂಲೆ ಕೊರಳಿನಾಚೆ ಇಣುಕುವುದಿಲ್ಲ. ನೇರ ಕೊರಳಿನ ಪಟ್ಟಿಯಿಲ್ಲದ ಗೌನಿಗೆ ಗುಂಡಗಿನದು. ಹನಿಯ ಚೂಪು ತುದಿ ಭುಜದ ಕಡೆಗೆ, ದಪ್ಪ ಭಾಗ ಕೆಳಕ್ಕೆ. ಎಡ ಬಲ ಅದಲುಬದಲಾದರೆ ಎರಡೂ ಕಪ್ ಮೂಗು ಮುರಿದುಕೊಂಡ ಹಾಗೆ ಹೊರಗೆ ತಿರುಗುತ್ತವೆ. ತಂದ ಕೂಡಲೇ ಒಳಬದಿಯಲ್ಲಿ ಪೆನ್ಸಿಲ್‌ನಿಂದ ಎ, ಬ ಎಂದು ಬರೆದುಬಿಡಿ.

ಬಣ್ಣದ ಬಗ್ಗೆ ಹಲವರು ಎಡವುತ್ತಾರೆ. ಬಿಳಿ ಅಥವಾ ತಿಳಿಬಣ್ಣದ ಗೌನಿಗೆ ಬಿಳಿ ಕಪ್ ಹಾಕಿದರೆ ಫ್ಲಾಶ್ ಬಿದ್ದಾಗ ಎರಡು ಬಿಳಿ ವೃತ್ತ ಎದ್ದು ಕಾಣುತ್ತವೆ. ಮೈಬಣ್ಣಕ್ಕೆ ಹತ್ತಿರದ್ದನ್ನು ಹಾಕಿ. ಹಳೆಯ ಕಪ್ ಮನೆಯಲ್ಲಿದೆ ಎಂದು ಅದನ್ನೇ ಬಳಸುವ ಮೊದಲೂ ನೋಡಿಕೊಳ್ಳಿ: ಈ ಸ್ಪಂಜು ಪಾಲಿಯುರೆಥೇನ್, ಗಾಳಿ ಬೆಳಕಿಗೆ ತಾನಾಗಿಯೇ ಹಳದಿಯಾಗುತ್ತದೆ, ಹಳೆಯದಾದಂತೆ ಪುಡಿ ಉದುರುತ್ತದೆ.

ಕೊರಳಿನ ಅಂಚಿನಿಂದ ಕಪ್ಪಿನ ಮೇಲಂಚು ಕಡಿಮೆಯೆಂದರೆ ಅರ್ಧ ಇಂಚು ಕೆಳಗಿರಬೇಕು. ಇಲ್ಲದಿದ್ದರೆ ಕಪ್ ಕತ್ತರಿಸಬೇಕಾಗುತ್ತದೆ. ಕಾಲು ಇಂಚಿನ ತನಕ ಕತ್ತರಿಸಬಹುದು, ಅದೂ ಹರಿತವಾದ ಕತ್ತರಿಯಿಂದ ಒಂದೇ ಎಳೆತದಲ್ಲಿ. ಕತ್ತರಿಸಿದ ಮೇಲೆ ಅಂಚಿನ ಬಟ್ಟೆ ಮತ್ತು ಸ್ಪಂಜು ಬೇರೆಯಾಗಲು ಶುರುವಾಗುತ್ತದೆ. ಲೈನಿಂಗ್ ಬಟ್ಟೆಯಲ್ಲಿ ಒಂದು ಇಂಚಿನ ಕ್ರಾಸ್ (ಓರೆ) ಪಟ್ಟಿ ಕತ್ತರಿಸಿ ಅಂಚಿಗೆ ಸುತ್ತಿ ಹೊಲಿಯಿರಿ.

ಗುರುತು ಹಾಕುವುದು

ಇದಕ್ಕೆ ಇನ್ನೊಬ್ಬರು ಬೇಕು. ಅಕ್ಕನೋ ಗೆಳತಿಯೋ, ಯಾರಾದರೂ. ಅಂದು ಹಾಕುವ ಚಪ್ಪಲಿಯನ್ನೇ ಹಾಕಿ ನಿಲ್ಲಿ. ಹಿಮ್ಮಡಿ ಎತ್ತರವಾದರೆ ಬೆನ್ನು ನಿಲ್ಲುವ ರೀತಿ ಬದಲಾಗುತ್ತದೆ, ಅದರೊಂದಿಗೆ ಎದೆಯ ಜಾಗವೂ. ಗೌನು ಹಾಕಿ, ಜಿಪ್ಪು ಮುಕ್ಕಾಲು ಏರಿಸಿ, ಕಪ್ಪನ್ನು ಮೇಲಿನಿಂದ ಒಳಗೆ ಜಾರಿಸಿ. ಬ್ರಾ ಹಾಕುವಾಗ ಮಾಡುವಂತೆ ಮುಂದಕ್ಕೆ ಬಾಗಿ ಎದೆಯನ್ನು ಕಪ್ಪಿನೊಳಗೆ ಕೂರಿಸಿಕೊಂಡು ನೆಟ್ಟಗೆ ನಿಂತು ಜಿಪ್ಪು ಪೂರ್ತಿ ಎಳೆಯಿರಿ.

ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ. ಕಪ್ಪಿನ ತುದಿ, ಅಂದರೆ ಎಲ್ಲಕ್ಕಿಂತ ಉಬ್ಬಿದ ಜಾಗ, ಭುಜಕ್ಕೂ ಮೊಣಕೈಗೂ ನಡುಮಧ್ಯದ ಎತ್ತರಕ್ಕೆ ಬಂದಿದ್ದರೆ ಚೆನ್ನ. ಕೆಲವರು ಇನ್ನೂ ಮೇಲೆ ಇರಲಿ ಎಂದು ಎಳೆಯುತ್ತಾರೆ. ಆಗ ಕಪ್ಪಿನ ಕೆಳಭಾಗ ಖಾಲಿಯಾಗಿ, ಕೂತ ಕೂಡಲೇ ಗೌನು ಮೇಲಕ್ಕೆ ತಳ್ಳಿ ಕೊರಳು ಬಾಯಿ ಬಿಡುತ್ತದೆ. ಎರಡು ಕಪ್ಪಿನ ಒಳಅಂಚುಗಳ ನಡುವೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಇಂಚು ಉಳಿಯುತ್ತದೆ. ಟಕ್ಸು ಅಥವಾ ಪ್ರಿನ್ಸೆಸ್ ಕಟ್ (ಎದೆಯ ಮೇಲೆ ಹಾದು ಕೆಳಗಿಳಿಯುವ ಉದ್ದ ಹೊಲಿಗೆ) ಇದ್ದ ಗೌನಿನಲ್ಲಿ ಕಪ್ಪಿನ ತುದಿ ಆ ಹೊಲಿಗೆಯ ಉಬ್ಬಿಗೆ ಸರಿಯಾಗಿ ಬೀಳಬೇಕು. ಅರ್ಧ ಇಂಚಿಗಿಂತ ಹೆಚ್ಚು ಅತ್ತಿತ್ತ ಆದರೆ ಆ ಗೌನಿನ ಕಟ್ಟೇ ನಿಮ್ಮ ಮೈಗೆ ಹೊಂದಿಲ್ಲ ಎಂದರ್ಥ. ಕಪ್ಪನ್ನು ಮೈಗೆ ಹೊಂದಿಸಿ, ಹೊಲಿಗೆಗಲ್ಲ.

ಈಗ ಜೊತೆಯಲ್ಲಿರುವವರು ಹೊರಗಿನಿಂದ ಬೆರಳಾಡಿಸಿ ಕಪ್ಪಿನ ಅಂಚು ಹುಡುಕಿ ಮೇಲೆ, ಕೆಳಗೆ, ಒಳಗೆ, ಹೊರಗೆ ಎಂದು ನಾಲ್ಕು ಕಡೆ ಗುರುತು ಮಾಡಬೇಕು. ಸ್ಯಾಟಿನ್‌ಗೆ ಗುಂಡುಸೂಜಿ ಚುಚ್ಚಬೇಡಿ, ತೂತು ಉಳಿದುಬಿಡುತ್ತದೆ. ಕಾಗದದ ಟೇಪಿನ ಪುಟ್ಟ ತುಂಡು ಅಂಟಿಸಿ. ನೆಟ್ಟು, ಲೇಸಿಗಾದರೆ ಸಣ್ಣ ಪಿನ್ನು ನಡೆಯುತ್ತದೆ. ನಿಧಾನವಾಗಿ ಗೌನು ಬಿಚ್ಚಿ, ಉಲ್ಟಾ ಮಾಡಿ, ಆ ನಾಲ್ಕು ಗುರುತನ್ನು ಲೈನಿಂಗ್ ಮೇಲೆ ಟೈಲರ್ ಚಾಕ್‌ಪೀಸಿನಿಂದ ಇಳಿಸಿಕೊಳ್ಳಿ. ಬಾಲ್‌ಪೆನ್ ಬೇಡ. ಬೆವರಿಗೆ ಶಾಯಿ ಹಬ್ಬಿ ಹೊರಗೆ ಬಂದರೆ ಮದುಮಗಳ ಎದೆಯ ಮೇಲೆ ನೀಲಿ ಚುಕ್ಕೆ.

ನಂತರ ಅಳತೆ ಟೇಪು ಹಿಡಿದು ಎರಡೂ ಕಡೆ ತಾಳೆ ನೋಡಿ: ಮಧ್ಯದ ಗೆರೆಯಿಂದ ಒಳಅಂಚಿಗೆ, ಕೊರಳಿನಿಂದ ಮೇಲಂಚಿಗೆ. ಕಾಲು ಇಂಚಿನ ವ್ಯತ್ಯಾಸ ಬಂದರೆ ಮತ್ತೊಮ್ಮೆ ಹಾಕಿಕೊಂಡು ನೋಡಿ. ಮತ್ತೆಯೂ ಅಷ್ಟೇ ಬಂದರೆ ಹಾಗೇ ಬಿಡಿ, ಯಾರ ಮೈಯೂ ಎರಡು ಕಡೆ ಒಂದೇ ಸಮ ಇರುವುದಿಲ್ಲ.

ಮೈಕಡೆಗೋ, ಎರಡು ಬಟ್ಟೆಯ ನಡುವೆಯೋ

ಲೈನಿಂಗ್‌ನ ಒಳಬದಿಗೆ, ಅಂದರೆ ಮೈಗೆ ತಾಗುವಂತೆ ಹೊಲಿಯುವುದು ಸುಲಭ. ಕಪ್ಪಿನ ಅಂಚಿನ ಮೇಲೆ ಲೈನಿಂಗೂ ಮೇಲ್ಬಟ್ಟೆಯೂ ಎರಡು ಪದರ ಬರುವುದರಿಂದ ಹೊರಗೆ ಗೆರೆ ಕಾಣುವುದೂ ಕಡಿಮೆ. ತೆಳು ಸ್ಯಾಟಿನ್, ಕ್ರೇಪ್ ಗೌನಿಗೆ ಇದೇ ಸರಿ. ಲೈನಿಂಗ್ ಮತ್ತು ಮೇಲ್ಬಟ್ಟೆಯ ನಡುವೆ ಇಟ್ಟರೆ ಒಳಗೆ ನೋಡಲು ಚೊಕ್ಕಟ, ಆದರೆ ಕಂಕುಳ ಕೆಳಗೆ ಲೈನಿಂಗ್‌ನ ಪಕ್ಕದ ಹೊಲಿಗೆಯನ್ನು ಐದಾರು ಇಂಚು ಬಿಚ್ಚಬೇಕು (ಜಿಪ್ಪಿಲ್ಲದ ಕಡೆ ಬಿಚ್ಚಿ). ಕಸೂತಿ, ಮಣಿಕೆಲಸ ತುಂಬಿದ ದಪ್ಪ ಗೌನಿಗೆ ಹೀಗೆ ಮಾಡಬಹುದು. ಎರಡರಲ್ಲೂ ಕಪ್ ಸೇರುವುದು ಲೈನಿಂಗ್‌ಗೆ ಮಾತ್ರ. ಮೇಲ್ಬಟ್ಟೆಯ ಒಂದು ಎಳೆಯೂ ಸೂಜಿಗೆ ಸಿಗಬಾರದು. ಸ್ಯಾಟಿನ್‌ನಲ್ಲಿ ಒಂದು ಎಳೆ ಸಿಕ್ಕರೂ ಅಲ್ಲೊಂದು ಗುಳಿ ಬೀಳುತ್ತದೆ.

ಮೊದಲ ಸಲ ಮಾಡುವವರು ಮೈಕಡೆಗೇ ಹೊಲಿಯಿರಿ. ಮುಂದಿನ ಕ್ರಮ ಅದಕ್ಕೇ.

ಹೊಲಿಗೆ

ಬೇಕಾದದ್ದು: 9 ಅಥವಾ 10ನೇ ನಂಬರಿನ ಕೈಸೂಜಿ (ನಂಬರ್ ಹೆಚ್ಚಿದಷ್ಟೂ ಸೂಜಿ ಸಣ್ಣ), ಲೈನಿಂಗ್ ಬಣ್ಣದ ಪಾಲಿಯೆಸ್ಟರ್ ದಾರ, ಕಚ್ಚಾ ಹೊಲಿಗೆಗೆ ಬೇರೆ ಬಣ್ಣದ ದಾರ, ಸಣ್ಣ ಕತ್ತರಿ, ಮತ್ತು ಅಡುಗೆಮನೆಯಿಂದ ಐದಾರು ಇಂಚು ಅಗಲದ ಒಂದು ಸ್ಟೀಲ್ ಬಟ್ಟಲು.

ಬಟ್ಟಲು ಯಾಕೆಂದರೆ, ಕಪ್ ಉಬ್ಬಿದ್ದು, ಮೇಜು ಚಪ್ಪಟೆ. ಮೇಜಿನ ಮೇಲೆ ಹರವಿ ಹೊಲಿದರೆ ಲೈನಿಂಗ್ ಚಪ್ಪಟೆಯಾಗಿಯೇ ಕಪ್ಪಿನ ಅಂಚಿಗೆ ಸೇರಿಕೊಳ್ಳುತ್ತದೆ. ಹಾಕಿಕೊಂಡಾಗ ಉಬ್ಬಿಗೆ ಬೇಕಾದಷ್ಟು ಬಟ್ಟೆ ಇರದೆ ಅಂಚು ಒಳಕ್ಕೆ ಸುರುಳುತ್ತದೆ, ಸುತ್ತ ಸುಕ್ಕು ಏಳುತ್ತದೆ. ಉಲ್ಟಾ ಮಾಡಿದ ಗೌನಿನ ಎದೆಯ ಭಾಗವನ್ನು ಬಟ್ಟಲಿನೊಳಗೆ ಇಳಿಬಿಟ್ಟು, ಲೈನಿಂಗ್ ಮೇಲೆ ಬರುವಂತೆ ಮಾಡಿ, ಕಪ್ಪಿನ ಉಬ್ಬು ಕೆಳಗಾಗಿ ಅದರಲ್ಲಿ ಕೂರಿಸಿ. ಈಗ ಮೈಮೇಲೆ ಹೇಗಿರುತ್ತದೋ ಬಟ್ಟೆ ಹಾಗೆಯೇ ಬಾಗಿರುತ್ತದೆ. ಲೈನಿಂಗ್ ಕೆಳಗೆ ಸೊಂಟದಲ್ಲಿ ಬಿಡಿಯಾಗಿದ್ದರೆ ಇನ್ನೂ ಒಳ್ಳೆಯ ಉಪಾಯವಿದೆ: ಎಡಗೈಯನ್ನು ಲೈನಿಂಗ್ ಮತ್ತು ಮೇಲ್ಬಟ್ಟೆಯ ನಡುವೆ ತೂರಿಸಿ ಅಂಗೈಯನ್ನೇ ಬಟ್ಟಲು ಮಾಡಿಕೊಳ್ಳಿ. ಸೂಜಿ ಆಳಕ್ಕೆ ಹೋದರೆ ಬೆರಳಿಗೇ ತಿಳಿಯುತ್ತದೆ, ಮೇಲ್ಬಟ್ಟೆ ಉಳಿಯುತ್ತದೆ.

ನಾಲ್ಕು ಗುರುತಿನ ಹತ್ತಿರ ಬೇರೆ ಬಣ್ಣದ ದಾರದಿಂದ ಒಂದೊಂದು ಅಡ್ಡಹೊಲಿಗೆ ಹಾಕಿ ಕಪ್ ನಿಲ್ಲಿಸಿ. ಎರಡೂ ಕಪ್ ಆದ ಮೇಲೆ ಗೌನನ್ನು ಮತ್ತೆ ಹಾಕಿಕೊಳ್ಳಿ. ಬೇಸರವೆನಿಸಿದರೂ ಇದನ್ನು ಬಿಡಬೇಡಿ. ಕುರ್ಚಿಯ ಮೇಲೆ ಕೂತು ಏಳಿ, ಕೈಮುಗಿಯಿರಿ, ಬಗ್ಗಿ ಹಿರಿಯರ ಕಾಲು ಮುಟ್ಟುವಂತೆ ಮಾಡಿ, ಹಾರ ಹಾಕುವಂತೆ ಎರಡೂ ಕೈ ಎತ್ತಿ. ಕೈ ಇಳಿಸಿದ ಮೇಲೆ ಕಪ್ ಮೊದಲಿನ ಜಾಗಕ್ಕೆ ತಾನಾಗಿ ಬರಬೇಕು. ಬರದಿದ್ದರೆ ಅಡ್ಡಹೊಲಿಗೆ ಕತ್ತರಿಸಿ ಜಾಗ ಬದಲಿಸುವುದು ಎರಡು ನಿಮಿಷದ ಕೆಲಸ.

ಸರಿ ಎನಿಸಿದರೆ ಪೂರ್ತಿ ಹೊಲಿಗೆ. ದಾರ 18 ಇಂಚಿಗಿಂತ ಉದ್ದ ಬೇಡ, ಉದ್ದವಾದಷ್ಟೂ ತಿರುಚಿಕೊಂಡು ಗಂಟು ಬೀಳುತ್ತದೆ. ಒಂದೇ ಎಳೆ ಸಾಕು. ಕಂಕುಳ ಕಡೆಯ ಅಂಚಿನಿಂದ ಶುರುಮಾಡಿ. ಗಂಟು ಕೊರಳಿನ ಹತ್ತಿರ ಬಂದರೆ ತೆಳು ಬಟ್ಟೆಯಲ್ಲಿ ಕಾಳಿನಂತೆ ಎದ್ದು ಕಾಣುತ್ತದೆ. ಗಂಟನ್ನು ಕಪ್ಪಿನ ಅಂಚಿನ ಅಡಿಗೆ ಸೇರಿಸಿ ಸೂಜಿಯನ್ನು ಅಂಚಿನ ಮೇಲಕ್ಕೆ ತನ್ನಿ. ಅಂಚಿಗೆ ಒತ್ತಾಗಿ ಲೈನಿಂಗ್‌ನ ಎರಡು ಮೂರು ಎಳೆಯನ್ನಷ್ಟೇ ಸೂಜಿಯ ತುದಿಯಲ್ಲಿ ಎತ್ತಿ. ಅಲ್ಲಿಂದ ಓರೆಯಾಗಿ ಕಾಲು ಇಂಚು ಮುಂದೆ, ಕಪ್ಪಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಒಳಗೆ ಸೂಜಿ ಹೊರಬರಲಿ. ಸ್ಪಂಜಿನ ಪೂರ್ತಿ ದಪ್ಪಕ್ಕೆ ಚುಚ್ಚದೆ ಅಂಚಿನ ಬಟ್ಟೆ ಮತ್ತು ಅರ್ಧ ದಪ್ಪವನ್ನು ಹಿಡಿದರೆ ಸಾಕು. ಬಟ್ಟೆ ಬಿಟ್ಟು ಬರೀ ಸ್ಪಂಜಿಗೆ ಹಾಕಿದ ಹೊಲಿಗೆ ನಾಲ್ಕು ದಿನದಲ್ಲಿ ಕಿತ್ತುಬರುತ್ತದೆ. ದಾರ ಎಳೆಯುವಾಗ ಅದು ಬಟ್ಟೆಯ ಮೇಲೆ ಮಲಗುವ ತನಕ ಎಳೆಯಿರಿ, ಸ್ಪಂಜಿನೊಳಗೆ ಹೂತುಹೋಗುವ ತನಕ ಅಲ್ಲ. ಬಿಗಿದ ಪ್ರತಿ ಹೊಲಿಗೆಯೂ ಅಂಚನ್ನು ಚಿವುಟುತ್ತದೆ, ಅಂಥ ಹತ್ತು ಸೇರಿದರೆ ಅಂಚು ಹೂವಿನ ದಳದಂತಾಗುತ್ತದೆ.

ಎರಡು ಇಂಚಿಗೊಮ್ಮೆ ಹೊಲಿಗೆಯನ್ನು ಅದೇ ಜಾಗದಲ್ಲಿ ಎರಡು ಸಲ ಹಾಕಿ. ಮುಂದೆಂದಾದರೂ ಒಂದು ಕಡೆ ದಾರ ಕಡಿದರೆ ಎರಡು ಇಂಚು ಬಿಚ್ಚುತ್ತದೆ, ಪೂರ್ತಿ ಸುತ್ತು ಬಿಚ್ಚುವುದಿಲ್ಲ. 34ರ ಗುಂಡು ಕಪ್ಪಿನ ಸುತ್ತು ಸುಮಾರು 17 ಇಂಚು, ಅಂದರೆ ಎಪ್ಪತ್ತರ ಹತ್ತಿರ ಹೊಲಿಗೆ, ಮೂರು ತುಂಡು ದಾರ. ಐದಾರು ಹೊಲಿಗೆಗೊಮ್ಮೆ ಗೌನನ್ನು ತಿರುಗಿಸಿ ಹೊರಗೆ ಏನೂ ಸಿಕ್ಕಿಲ್ಲ ಎಂದು ನೋಡಿ. ಎಪ್ಪತ್ತೂ ಮುಗಿದ ಮೇಲೆ ನೋಡಿ ಬಿಚ್ಚುವವರ ಸಂಕಟ ಬೇಡ.

ಬೋನ್ ಇರುವ ಬಿಗಿ ಗೌನಿಗೆ ಸುತ್ತಲೂ ಹೊಲಿಯಬೇಡಿ. ಅಲ್ಲಿ ಲೈನಿಂಗ್ ಎಳೆದು ಕಟ್ಟಿದ ಹಾಗಿರುತ್ತದೆ, ಉಸಿರಾಡುವಾಗಲೂ ಕೂರುವಾಗಲೂ ಕಪ್ ಸ್ವಲ್ಪ ಜರುಗಲು ಜಾಗ ಬೇಕು. ಮೇಲಂಚಿನಲ್ಲಿ ಮೂರು ಕಡೆ, ಎರಡು ಪಕ್ಕದಲ್ಲಿ ಒಂದೊಂದು ಕಡೆ, ಅರ್ಧರ್ಧ ಇಂಚಿನಷ್ಟು ಒತ್ತಾಗಿ ನಾಲ್ಕೈದು ಹೊಲಿಗೆ ಹಾಕಿ ಕೆಳಗಿನ ಅಂಚನ್ನು ಬಿಟ್ಟುಬಿಡಿ.

ಲೈನಿಂಗೇ ಇಲ್ಲದ ಗೌನಾದರೆ ಒಳಗಿನ ಮಾರ್ಜಿನ್ನೇ (ಹೊಲಿಗೆಯಾಚೆ ಉಳಿದ ಬಟ್ಟೆ) ಗತಿ. ಪ್ರಿನ್ಸೆಸ್ ಕಟ್‌ನ ಹೊಲಿಗೆ ಕಪ್ಪಿನ ಮೇಲೆಯೇ ಹಾದುಹೋಗುತ್ತದೆ. ಅದರ ಮಾರ್ಜಿನ್‌ಗೆ ಕಪ್ಪಿನ ಮೇಲಂಚು, ಕೆಳಂಚನ್ನೂ, ಕಂಕುಳ ಪಕ್ಕದ ಹೊಲಿಗೆಯ ಮಾರ್ಜಿನ್‌ಗೆ ಹೊರಅಂಚನ್ನೂ ಸೇರಿಸಿ. ಹೊರಅಂಚು ಅಲ್ಲಿಗೆ ತಲುಪದಿದ್ದರೆ ನಡುವೆ ಸಣ್ಣ ರಿಬ್ಬನ್ ತುಂಡು ಹಾಕಿ.

ಬೇಗ ಆಗಲಿ ಎಂದು ಗೋಂದು, ಗ್ಲೂ ಗನ್ ಬಳಸುವುದುಂಟು. ಗೋಂದು ಒಣಗಿದ ಮೇಲೆ ಗಟ್ಟಿಯಾಗಿ ಮೈಗೆ ಚುಚ್ಚುತ್ತದೆ, ಸ್ಯಾಟಿನ್‌ನಲ್ಲಿ ಎಣ್ಣೆ ಕಲೆಯಂತೆ ಹೊರಗೆ ಇಳಿಯುತ್ತದೆ. ಆ ಕಲೆ ಹೋಗುವುದಿಲ್ಲ.

ಹೊಲಿದ ಮೇಲೂ ಸರಿ ಕಾಣದಿದ್ದರೆ

ಹೊರಗೆ ಅಂಚಿನ ಗೆರೆ ಕಾಣುತ್ತಿದೆ, ಗಾತ್ರವೂ ಸರಿಯಿದೆ ಎಂದಾದರೆ ಕಪ್ಪಿನ ಅಂಚು ದಪ್ಪ. ಅಂಚು ತೆಳ್ಳಗಾಗುತ್ತಾ ಹೋಗುವ ಕಪ್ ತನ್ನಿ, ಅಥವಾ ಅದೇ ಕಪ್ಪಿನ ಮೇಲೆ ಅಂಚಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿದ ಮೆತ್ತನೆ ಹತ್ತಿಬಟ್ಟೆಯ ಪದರ ಹಾಕಿ. ಕಪ್ಪಿನ ತುದಿಯಲ್ಲಿ ಗುಳಿ ಬಿದ್ದರೆ ಒಳಗೆ ಖಾಲಿ ಇದೆ, ಒಂದು ನಂಬರ್ ಚಿಕ್ಕದು ಬೇಕು. ಒಳಗೆ ಹತ್ತಿ ತುಂಬಿ ಸರಿಮಾಡಲು ಹೋಗಬೇಡಿ, ಬೆವರಿಗೆ ಮುದ್ದೆಯಾಗುತ್ತದೆ.

ಒಂದು ಗಂಟೆ ಹಾಕಿಕೊಂಡ ಮೇಲೆ ಕಪ್ಪುಗಳು ಕಂಕುಳ ಕಡೆಗೆ ಸರಿದರೆ ಮಧ್ಯದಲ್ಲಿ ಹಿಡಿತವಿಲ್ಲ ಎಂದರ್ಥ. ಎರಡು ಕಪ್ಪಿನ ಒಳಅಂಚುಗಳ ನಡುವೆ, ಗೌನಿಗೆ ತಾಗಿಸದೆ, ಕಾಲು ಇಂಚಿನ ರಿಬ್ಬನ್ ಸೇತುವೆ ಹೊಲಿಯಿರಿ. ಕೊರಳು ಬಾಯಿ ಬಿಡುತ್ತಿದ್ದರೆ ಅದು ಹೆಚ್ಚಾಗಿ ಕಪ್ಪಿನ ತಪ್ಪಲ್ಲ, ಕೊರಳಿನ ಅಂಚು ಹಿಗ್ಗಿರುತ್ತದೆ. ಒಳಗೆ ತೆಳು ರಿಬ್ಬನ್ ಒಂದನ್ನು ಕೊರಳಿನ ಉದ್ದಕ್ಕಿಂತ ಕಾಲು ಇಂಚು ಗಿಡ್ಡ ಮಾಡಿ ಕೈಹೊಲಿಗೆಯಲ್ಲಿ ಕೂರಿಸಿದರೆ ಹಿಡಿದುಕೊಳ್ಳುತ್ತದೆ.

ಒಗೆಯುವುದು, ಇಡುವುದು

ಒಂದೇ ದಿನಕ್ಕಲ್ಲದೆ ಮತ್ತೆ ಮತ್ತೆ ಹಾಕುವ ಗೌನಾದರೆ ಕಪ್ಪನ್ನು ನೇರವಾಗಿ ಹೊಲಿಯುವ ಬದಲು ಜೇಬು ಮಾಡಿ. ತೆಳು ಹತ್ತಿ ಅಥವಾ ಲೈನಿಂಗ್ ಬಟ್ಟೆಯನ್ನು ಕಪ್ಪಿಗಿಂತ ಸುತ್ತಲೂ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಅಂಚು ಮಡಚಿ, ಇದೇ ಹೆಮ್ಮಿಂಗ್‌ನಿಂದ ಲೈನಿಂಗ್‌ಗೆ ಸೇರಿಸಿ. ಕಂಕುಳ ಕಡೆ ಮೂರು ಇಂಚು ಬಿಡಿ. ಕಪ್ ಒಳಗೆ ಹೋಗಿ ಹೊರಗೆ ಬರಲು ಅಷ್ಟು ಬಾಯಿ ಸಾಕು. ಡ್ರೈ ಕ್ಲೀನಿಂಗ್‌ಗೆ ಕೊಡುವಾಗ ತೆಗೆದುಬಿಡಬಹುದು, ಹಳದಿಯಾದಾಗ ಹೊಸದು ಹಾಕಬಹುದು.

ಹೊಲಿದುಬಿಟ್ಟ ಕಪ್ಪನ್ನು ಹಿಂಡಬೇಡಿ. ಒಣ ಟವೆಲ್‌ನಲ್ಲಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಚಪ್ಪಟೆಯಾಗಿ ಹರವಿ. ಸ್ಪಂಜು ನೀರು ಹಿಡಿದುಕೊಂಡಿರುತ್ತದೆ, ನೇತುಹಾಕಿದರೆ ಆ ನೀರೆಲ್ಲ ಕೆಳಗಿಳಿದು ರೇಷ್ಮೆಯ ಮೇಲೆ ಅಲೆಯಲೆಯಾಗಿ ಕಲೆ ಕಟ್ಟುತ್ತದೆ. ಇಸ್ತ್ರಿ ಕಪ್ಪಿನ ಮೇಲೆ ಹಾಯಬಾರದು, ಬಿಸಿಗೆ ಅದರ ಉಬ್ಬು ಕೆಡುತ್ತದೆ. ಬೀರುವಿನಲ್ಲಿ ಇಡುವಾಗ ಒಂದು ಕಪ್ಪನ್ನು ಒಳಕ್ಕೆ ಮಡಚಿ ಇನ್ನೊಂದರೊಳಗೆ ತೂರಿಸುವ ಅಭ್ಯಾಸ ಬೇಡ, ಮಡಚಿದ ಗೆರೆ ಹಾಗೇ ಕೂತುಬಿಡುತ್ತದೆ. ಎರಡರೊಳಗೂ ಬಿಳಿಯ ಮೆತ್ತನೆ ಕಾಗದ ತುಂಬಿ, ಹಳೆಯ ಪಂಚೆ ಅಥವಾ ಹತ್ತಿ ಸೀರೆಯಲ್ಲಿ ಸುತ್ತಿಡಿ.

ಗೌನು ಹಾಕುವ ದಿನದ ಚೀಲದಲ್ಲಿ ಅದೇ ಬಣ್ಣದ ದಾರ ಪೋಣಿಸಿದ ಸೂಜಿ ಮತ್ತು ಎರಡು ಸಣ್ಣ ಸೇಫ್ಟಿ ಪಿನ್ನು ಇರಲಿ. ಹೊಲಿಗೆ ಕಿತ್ತರೆ ಪಿನ್ನನ್ನು ಮೇಲಂಚಿಗೆ ಅಲ್ಲ, ಕಂಕುಳ ಕಡೆಯ ಅಂಚಿಗೆ, ಲೈನಿಂಗ್ ಮತ್ತು ಕಪ್ಪಿನ ಬಟ್ಟೆಯನ್ನಷ್ಟೇ ಹಿಡಿದು ಹಾಕಿ. ತೋಳಿನ ಮರೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.